ಕಲಿಸಿದ್ದೆಲ್ಲ ಕಲಿತಂತಾಯಿತೇ?

ಮನೆಯಲ್ಲಿ ಒಂದು ಚಿಕ್ಕ ಪ್ರಯೋಗ ಮಾಡಿ ನೋಡಿ. ಶೂ ಲೇಸು ಕಟ್ಟಲು ಬಾರದ ಪುಟ್ಟ ತಮ್ಮನನ್ನೋ ತಂಗಿಯನ್ನೋ ಎದುರಿಗೆ ಕೂರಿಸಿಕೊಳ್ಳಿ. ನಿಮ್ಮ ಎರಡೂ ಕೈಗಳನ್ನು ಬೆನ್ನ ಹಿಂದೆ ಇಟ್ಟುಕೊಳ್ಳಿ. ಲೇಸನ್ನು ಮುಟ್ಟದೆ, ಬರಿಯ ಮಾತಿನಿಂದಲೇ ಗಂಟು ಹಾಕುವುದನ್ನು ಕಲಿಸಿ. "ಬಲಗಡೆಯದನ್ನು ಎಡಗಡೆಯದರ ಮೇಲೆ ತಾ, ಕೆಳಗಿನಿಂದ ನುಸುಳಿಸು, ಎಳೆ, ಈಗ ಒಂದು ಕುಣಿಕೆ ಮಾಡು..." ಎರಡು ನಿಮಿಷದೊಳಗೆ ಮಗು ತಬ್ಬಿಬ್ಬಾಗುತ್ತದೆ, ನಿಮಗೆ ಸಿಟ್ಟು ಬರುತ್ತದೆ. ಈಗ ಎರಡನೆಯ ಬಗೆ. ಏನೂ ಮಾತನಾಡದೆ, ದಿನವೂ ಕಟ್ಟುವ ವೇಗದಲ್ಲೇ ಗಂಟು ಹಾಕಿ ತೋರಿಸಿ, "ನೋಡಿದೆಯಲ್ಲ, ಈಗ ನೀನು ಹಾಕು" ಎನ್ನಿ. ಆಗಲೂ ಬರುವುದಿಲ್ಲ.

1940ರ ದಶಕದಲ್ಲಿ ಅಮೆರಿಕದ ಸಾವಿರಾರು ಕಾರ್ಖಾನೆಗಳಲ್ಲಿ ಇಂಥದೇ ಪ್ರಯೋಗವನ್ನು ದೊಡ್ಡವರ ಮೇಲೆ ಮಾಡಲಾಯಿತು. ಅಲ್ಲಿ ಬಳಸಿದ್ದು ಶೂ ಲೇಸನ್ನಲ್ಲ, ಜೋಡಿ ವಿದ್ಯುತ್ ತಂತಿಯನ್ನು. ತೂಗುದೀಪದ ಹೋಲ್ಡರಿನೊಳಗೆ ತಂತಿಗೆ ಒಂದು ವಿಶೇಷ ಗಂಟು ಹಾಕುವ ಪದ್ಧತಿ ಇತ್ತು. ಯಾರಾದರೂ ತಂತಿಯನ್ನು ಜಗ್ಗಿದರೆ ಎಳೆತ ಆ ಗಂಟಿನ ಮೇಲೆ ಬೀಳುತ್ತದೆಯೇ ಹೊರತು ತಂತಿಯ ತುದಿಗಳನ್ನು ಬಿಗಿದಿರುವ ತಿರುಪುಗಳ ಮೇಲಲ್ಲ. ತರಬೇತುದಾರ ಮೊದಲು ಒಬ್ಬ ಮೇಲ್ವಿಚಾರಕನನ್ನು ಕರೆದು ಗಂಟಿನ ವಿಧಾನವನ್ನು ಬಾಯಲ್ಲಿ ಹೇಳುತ್ತಿದ್ದ. ಆತನಿಗೆ ಬರುತ್ತಿರಲಿಲ್ಲ. ಇನ್ನೊಬ್ಬನನ್ನು ಕರೆದು ಬರಿದೇ ಮಾಡಿ ತೋರಿಸುತ್ತಿದ್ದ. ಆತನಿಗೂ ಬರುತ್ತಿರಲಿಲ್ಲ. ಮೂರನೆಯವನಿಗೆ ಸರಿಯಾದ ಕ್ರಮದಲ್ಲಿ ಕಲಿಸಿದಾಗ ಆತ ಕೆಲವೇ ನಿಮಿಷಗಳಲ್ಲಿ ಗಂಟು ಹಾಕುತ್ತಿದ್ದ. ಆಗ ತರಬೇತುದಾರ ಎಲ್ಲರನ್ನೂ ಕೇಳುತ್ತಿದ್ದ: ಮೊದಲ ಇಬ್ಬರು ಕಲಿಯಲಿಲ್ಲ, ತಪ್ಪು ಯಾರದು?

ಉದ್ದಿಮೆಗಳಲ್ಲಿ ನೌಕರರ ತರಬೇತಿಯ ಬಗೆಗಿನ ಚರ್ಚೆಯೆಲ್ಲ ಕೊನೆಗೆ ಈ ಒಂದು ಪ್ರಶ್ನೆಗೇ ಬಂದು ನಿಲ್ಲುತ್ತದೆ. ಕಲಿಯುವವನು ಕಲಿಯದಿದ್ದರೆ ಕಲಿಸುವ ಕೆಲಸ ಇನ್ನೂ ಮುಗಿದಿಲ್ಲ ಎಂಬುದು ಅಂದಿನ ಆ ತರಬೇತುದಾರರ ಉತ್ತರ. ಕೇಳಲು ಸರಳವಾದ ಮಾತು. ಆದರೆ ಸಾವಿರಾರು ಜನ ದುಡಿಯುವ ಒಂದು ದೊಡ್ಡ ಕಾರ್ಖಾನೆ ಇದನ್ನು ನಿಜವಾಗಿ ಒಪ್ಪಿಕೊಂಡರೆ ಅದರ ತರಬೇತಿ ವಿಭಾಗ, ಅದರ ಖರ್ಚಿನ ಲೆಕ್ಕ, ಅದರ ಮೇಲ್ವಿಚಾರಕರ ದಿನಚರಿ ಎಲ್ಲವೂ ಬದಲಾಗಬೇಕಾಗುತ್ತದೆ. ಹೇಗೆಂಬುದನ್ನು ನೋಡೋಣ.

ಯುದ್ಧಕಾಲದ ಒಂದು ಸಮಸ್ಯೆ

ಎರಡನೆಯ ಮಹಾಯುದ್ಧ 1939ರಲ್ಲಿ ಆರಂಭವಾಯಿತು. ಅಮೆರಿಕ ಇನ್ನೂ ಯುದ್ಧಕ್ಕೆ ಇಳಿದಿರಲಿಲ್ಲವಾದರೂ ಶಸ್ತ್ರಾಸ್ತ್ರಗಳನ್ನು ದೊಡ್ಡ ಪ್ರಮಾಣದಲ್ಲಿ ತಯಾರಿಸತೊಡಗಿತ್ತು. ಯಂತ್ರಗಳಿದ್ದವು, ಕಬ್ಬಿಣವಿತ್ತು, ನುರಿತ ಕೈಗಳು ಸಾಲದಾಗಿದ್ದವು. ಅದರಲ್ಲೂ ದುರ್ಬೀನು ಮತ್ತು ಪೆರಿಸ್ಕೋಪುಗಳಿಗೆ ಬೇಕಾದ ಮಸೂರಗಳನ್ನು ಉಜ್ಜಿ ನಯಗೊಳಿಸುವ ಕುಶಲಕರ್ಮಿಗಳ ಕೊರತೆ ತೀವ್ರವಾಗಿತ್ತು. ಅಂಥ ಒಬ್ಬ ಕುಶಲಕರ್ಮಿ ತಯಾರಾಗಲು ವರ್ಷಗಳೇ ಬೇಕೆಂಬುದು ಆ ವೃತ್ತಿಯವರ ನಂಬಿಕೆ. ಯುದ್ಧ ವರ್ಷಗಟ್ಟಲೆ ಕಾಯುವುದಿಲ್ಲ.

ಇಂಥ ಸಮಸ್ಯೆಗಳಿಗೆಂದೇ 1940ರಲ್ಲಿ ಅಮೆರಿಕ ಸರ್ಕಾರ ಒಂದು ಸೇವೆಯನ್ನು ಆರಂಭಿಸಿತು. 'ಉದ್ದಿಮೆಯೊಳಗೇ ತರಬೇತಿ' ಎಂಬುದು ಅದರ ಹೆಸರಿನ ಅರ್ಥ. ಚಾನಿಂಗ್ ಡೂಲಿ, ವಾಲ್ಟರ್ ಡೀಟ್ಸ್ ಮೊದಲಾದವರು ಅದನ್ನು ನಡೆಸಿದರು. ಅವರು ಮಸೂರ ತಯಾರಿಕೆಯನ್ನು ಬಿಡಿಬಿಡಿಯಾಗಿ ಒಡೆದು ನೋಡಿದರು. ಅದರಲ್ಲಿ ನಿಜವಾದ ಕುಶಲಕರ್ಮಿಯೇ ಮಾಡಬೇಕಾದ ಕೆಲಸಗಳು ಕೆಲವೇ ಇದ್ದವು. ಉಳಿದವನ್ನು ಸರಿಯಾಗಿ ಕಲಿಸಿದರೆ ಹೊಸಬರೂ ಮಾಡಬಲ್ಲವರಾಗಿದ್ದರು. ಕೆಲಸವನ್ನು ಹೀಗೆ ಹಂಚಿ, ಪ್ರತಿಯೊಂದು ಹಂತದ ಸೂಕ್ಷ್ಮವನ್ನು ಗುರುತಿಸಿ ಕಲಿಸಿದಾಗ ತರಬೇತಿಯ ಅವಧಿ ವರ್ಷಗಳಿಂದ ತಿಂಗಳುಗಳಿಗೆ ಇಳಿಯಿತು.

ಈ ಪದ್ಧತಿಯ ಬೀಜ ಇನ್ನೂ ಹಳೆಯದು. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಹಡಗು ಕಟ್ಟುವ ಕಾರ್ಮಿಕರಿಗೆ ತರಬೇತಿ ಕೊಡುವ ಹೊಣೆ ಹೊತ್ತಿದ್ದ ಚಾರ್ಲ್ಸ್ ಆಲೆನ್ ಎಂಬ ಶಿಕ್ಷಕ ತನ್ನ ಅನುಭವವನ್ನು 1919ರಲ್ಲಿ ಪುಸ್ತಕ ರೂಪದಲ್ಲಿ ಪ್ರಕಟಿಸಿದ್ದ. ಕಲಿಸುವುದಕ್ಕೆ ನಾಲ್ಕು ಹೆಜ್ಜೆಗಳಿವೆ ಎಂದು ಆತ ಹೇಳಿದ್ದ. ಇಪ್ಪತ್ತು ವರ್ಷಗಳ ನಂತರ ಆ ನಾಲ್ಕು ಹೆಜ್ಜೆಗಳನ್ನು ಅಂಗಿಯ ಜೇಬಿನಲ್ಲಿ ಹಿಡಿಸುವಷ್ಟು ಚಿಕ್ಕ ಕಾರ್ಡಿನ ಮೇಲೆ ಅಚ್ಚು ಹಾಕಿ ಪ್ರತಿಯೊಬ್ಬ ಮೇಲ್ವಿಚಾರಕನಿಗೂ ಕೊಡಲಾಯಿತು.

ನಾಲ್ಕು ಹೆಜ್ಜೆಗಳು

ಆ ಹೆಜ್ಜೆಗಳು ಹೀಗಿವೆ.

ಒಂದು, ಕಲಿಯುವವನನ್ನು ಸಿದ್ಧಗೊಳಿಸುವುದು. ಆತನ ಅಂಜಿಕೆಯನ್ನು ಕಳೆಯಬೇಕು. ಕೆಲಸ ಯಾವುದೆಂದು ಹೇಳಿ, ಅದರ ಬಗ್ಗೆ ಆತನಿಗೆ ಈಗಾಗಲೇ ಏನು ಗೊತ್ತಿದೆ ಎಂದು ಕೇಳಬೇಕು. ಯಂತ್ರದ ಮುಂದೆ ಆತನನ್ನು ಸರಿಯಾದ ಜಾಗದಲ್ಲಿ ನಿಲ್ಲಿಸಬೇಕು. ಎದುರು ಬದಿಗೆ ನಿಂತವನಿಗೆ ಎಡ ಬಲವೆಲ್ಲ ತಿರುಗುಮುರುಗಾಗಿ ಕಾಣುತ್ತದೆಯಲ್ಲವೆ?

ಎರಡು, ಕೆಲಸವನ್ನು ಮಾಡಿ ತೋರಿಸುವುದು. ಒಂದು ಸಲಕ್ಕೆ ಒಂದು ಹಂತ. ಮೊದಲ ಸಲ ಹಂತಗಳನ್ನಷ್ಟೇ ಹೇಳಿ ಮಾಡಬೇಕು. ಮತ್ತೆ ಮಾಡುವಾಗ ಪ್ರತಿ ಹಂತದ ಮುಖ್ಯಾಂಶವನ್ನು ಒತ್ತಿ ಹೇಳಬೇಕು. ಕಲಿಯುವವನು ಒಂದು ಬಾರಿಗೆ ಎಷ್ಟನ್ನು ಅರಗಿಸಿಕೊಳ್ಳಬಲ್ಲನೋ ಅದಕ್ಕಿಂತ ಹೆಚ್ಚು ಹೇಳಬಾರದು.

ಮೂರು, ಆತನಿಂದ ಮಾಡಿಸುವುದು. ಮೊದಲು ಸುಮ್ಮನೆ ಮಾಡಲಿ. ತಪ್ಪಾದರೆ ಅಲ್ಲಿಯೇ ತಿದ್ದಬೇಕು. ಮತ್ತೆ ಮಾಡುವಾಗ ಆತನೇ ಹಂತಗಳನ್ನೂ ಮುಖ್ಯಾಂಶಗಳನ್ನೂ ಬಾಯಿಬಿಟ್ಟು ಹೇಳುತ್ತಾ ಮಾಡಬೇಕು. "ಅರ್ಥವಾಯಿತೇ?" ಎಂಬ ಪ್ರಶ್ನೆಗೆ ಇಲ್ಲಿ ಸ್ಥಾನವಿಲ್ಲ. ಅದಕ್ಕೆ ಎಲ್ಲರೂ ಕೊಡುವ ಉತ್ತರ "ಹೂಂ" ಎಂಬುದೇ ಎಂದು ನಿಮಗೂ ಗೊತ್ತು.

ನಾಲ್ಕು, ಬೆನ್ನಿಗೆ ನಿಲ್ಲುವುದು. ಆತನನ್ನು ಕೆಲಸಕ್ಕೆ ಬಿಟ್ಟ ಮೇಲೆ ಸಂದೇಹ ಬಂದರೆ ಯಾರನ್ನು ಕೇಳಬೇಕೆಂದು ಹೆಸರು ಹಿಡಿದು ಹೇಳಬೇಕು. ಆಗಾಗ ಹೋಗಿ ನೋಡಬೇಕು. ಕ್ರಮೇಣ ಈ ಭೇಟಿಗಳನ್ನು ಕಡಿಮೆ ಮಾಡಬೇಕು.

ಈ ನಾಲ್ಕು ಹೆಜ್ಜೆಗಳನ್ನು ಮೇಲ್ವಿಚಾರಕರಿಗೆ ಕಲಿಸಲು ತೆಗೆದುಕೊಂಡ ಸಮಯ ಒಟ್ಟು 10 ಗಂಟೆ: ದಿನಕ್ಕೆ ಎರಡು ಗಂಟೆಯಂತೆ ಐದು ಬೈಠಕ್ಕುಗಳು, ಒಂದು ತಂಡದಲ್ಲಿ ಸುಮಾರು ಹತ್ತು ಜನ. ಪ್ರತಿಯೊಬ್ಬರೂ ತಮ್ಮದೇ ಕಾರ್ಖಾನೆಯ ಒಂದು ನಿಜವಾದ ಕೆಲಸವನ್ನು ತಂದು ಎಲ್ಲರೆದುರು ಕಲಿಸಿ ತೋರಿಸಬೇಕಿತ್ತು. ಕೆಲಸದ ವಿಧಾನವನ್ನು ಸುಧಾರಿಸುವುದು ಹೇಗೆ, ಕೆಲಸಗಾರರೊಂದಿಗೆ ನಡೆದುಕೊಳ್ಳುವುದು ಹೇಗೆ ಎಂಬುದಕ್ಕೆ ಇನ್ನೆರಡು ಇಂಥದೇ ಶಿಬಿರಗಳಿದ್ದವು. 1945ರಲ್ಲಿ ಸೇವೆ ಮುಕ್ತಾಯವಾಗುವ ಹೊತ್ತಿಗೆ 16,000ಕ್ಕೂ ಹೆಚ್ಚು ಕಾರ್ಖಾನೆಗಳಲ್ಲಿ ಸುಮಾರು 17 ಲಕ್ಷ 50 ಸಾವಿರ ಪ್ರಮಾಣಪತ್ರಗಳನ್ನು ನೀಡಲಾಗಿತ್ತು. ಒಂದು ದೀಪದಿಂದ ಇನ್ನೊಂದು ದೀಪ ಹಚ್ಚುವಂತೆ ತರಬೇತಿ ಪಡೆದವರು ಇತರರಿಗೆ ತರಬೇತಿ ಕೊಡುತ್ತಾ ಹೋದದ್ದರಿಂದ ಇದು ಸಾಧ್ಯವಾಯಿತು.

ಮುಖ್ಯಾಂಶ ಮತ್ತು ಅದರ ಕಾರಣ

'ಮುಖ್ಯಾಂಶ' ಎಂದೆವಲ್ಲ, ಅದು ಏನು? ಯಾವುದನ್ನು ತಪ್ಪಿದರೆ ಕೆಲಸ ಕೆಡುತ್ತದೆಯೋ, ಯಾವುದನ್ನು ಮರೆತರೆ ಕೆಲಸಗಾರನಿಗೆ ಗಾಯವಾಗುತ್ತದೆಯೋ, ಯಾವ ಚಳಕ ಗೊತ್ತಿದ್ದರೆ ಕೆಲಸ ಹಗುರವಾಗುತ್ತದೆಯೋ ಅದು ಮುಖ್ಯಾಂಶ. ಐಟಿಐ ಅಥವಾ ಪಾಲಿಟೆಕ್ನಿಕ್ ವರ್ಕ್‌ಶಾಪಿನ ಕೊರೆಯುವ ಯಂತ್ರವನ್ನೇ ತೆಗೆದುಕೊಳ್ಳಿ. ಅದನ್ನು ಕಲಿಸುವ ಹಾಳೆ ಹೀಗಿರಬಹುದು.

ಹಂತ 1: ಡ್ರಿಲ್ ಬಿಟ್ಟನ್ನು ಚಕ್ಕಿನಲ್ಲಿ ಕೂರಿಸಿ ಕೀಲಿಯಿಂದ ಬಿಗಿಯುವುದು. ಮುಖ್ಯಾಂಶ: ಸ್ವಿಚ್ ಒತ್ತುವ ಮೊದಲು ಕೀಲಿಯನ್ನು ತೆಗೆಯುವುದು. ಕಾರಣ: ಚಕ್ಕು ತಿರುಗಿದ ಕೂಡಲೇ ಅದರಲ್ಲೇ ಉಳಿದ ಕೀಲಿ ಸಿಡಿದು ಮುಖಕ್ಕೆ ಬಡಿಯಬಹುದು.

ಹಂತ 2: ಲೋಹದ ತುಂಡನ್ನು ಯಂತ್ರದ ಮೇಜಿನ ಮೇಲಿಡುವುದು. ಮುಖ್ಯಾಂಶ: ಕೈಯಲ್ಲಿ ಹಿಡಿಯದೆ ವೈಸಿನಲ್ಲಿ ಬಿಗಿಯುವುದು. ಕಾರಣ: ಬಿಟ್ಟು ಸಿಕ್ಕಿಕೊಂಡರೆ ತುಂಡು ಗಿರ್ರನೆ ತಿರುಗಿ ಕೈಯನ್ನು ಕತ್ತರಿಸುತ್ತದೆ.

ಹಂತ 3: ರಂಧ್ರ ಕೊರೆಯುವುದು. ಮುಖ್ಯಾಂಶಗಳು: ಕೈಗವಸು ತೊಡದಿರುವುದು, ನಡುನಡುವೆ ಬಿಟ್ಟನ್ನು ಮೇಲೆತ್ತುವುದು. ಕಾರಣ: ತಿರುಗುವ ಬಿಟ್ಟು ಕೈಗವಸನ್ನು ಕೈಸಮೇತ ಎಳೆದುಕೊಳ್ಳಬಲ್ಲದು, ಲೋಹದ ಚೂರುಗಳು ಹೊರಬೀಳದಿದ್ದರೆ ಬಿಟ್ಟು ಬಿಸಿಯಾಗಿ ಮುರಿಯುತ್ತದೆ.

ಇದನ್ನು ಬರೆಯುವುದು ಸುಲಭವೆನಿಸಬಹುದು. ಆದರೆ ಇಪ್ಪತ್ತು ವರ್ಷ ಕೆಲಸ ಮಾಡಿದ ಅನುಭವಿಗೆ ಇದು ಬಹಳ ಕಷ್ಟ. ಮುಖ್ಯಾಂಶಗಳೆಲ್ಲ ಆತನ ಕೈಗೆ ಒಗ್ಗಿ ಹೋಗಿರುತ್ತವೆ. ತಾನು ಅವನ್ನು ಮಾಡುತ್ತಿದ್ದೇನೆ ಎಂಬುದೇ ಆತನಿಗೆ ಅರಿವಿರುವುದಿಲ್ಲ. ಹಾಗಾಗಿ ಹೇಳುವುದೂ ಇಲ್ಲ. ಹೊಸಬ ಅದನ್ನು ಗಾಯ ಮಾಡಿಕೊಂಡು ಕಲಿಯಬೇಕಾಗುತ್ತದೆ.

ಈ ಮಾತನ್ನು ನನ್ನ ಅನುಭವದಿಂದಲೂ ಹೇಳಬಲ್ಲೆ. ಕೆಲವು ವರ್ಷಗಳ ಹಿಂದೆ ಹೊರಾಂಗಣ ಚಿತ್ರೀಕರಣಕ್ಕೆ ಬಂದಿದ್ದ ಹೊಸ ಹುಡುಗನೊಬ್ಬನಿಗೆ ಕ್ಯಾಮೆರಾ ಕೇಬಲ್ ಸುತ್ತುವುದನ್ನು ತೋರಿಸಿಕೊಟ್ಟೆ. ಒಂದು ಸುತ್ತು ಮೇಲಿನಿಂದ, ಮುಂದಿನದು ಕೆಳಗಿನಿಂದ. ಮರುದಿನ ಆತ ಮೊಣಕೈಗೆ ಹಗ್ಗ ಸುತ್ತುವಂತೆ ಸರಸರನೆ ಸುತ್ತಿಟ್ಟಿದ್ದ. ಎಲ್ಲರೆದುರು ಗದರಿಸಿದೆ. "ಇದು ಬೇಗ ಆಗುತ್ತಲ್ಲ ಸರ್?" ಎಂದು ಆತ ಮೆಲ್ಲಗೆ ಕೇಳಿದಾಗಲೇ ನನಗೆ ಹೊಳೆದದ್ದು: ಹಾಗೆ ಸುತ್ತಿದರೆ ಕೇಬಲ್ ಒಳಗಿನ ಎಳೆಗಳು ಹುರಿಗೊಂಡು ಕೊನೆಗೆ ತುಂಡಾಗುತ್ತವೆ ಎಂಬ ಕಾರಣವನ್ನು ನಾನು ಹೇಳಿಯೇ ಇರಲಿಲ್ಲ. ಕಾರಣ ಗೊತ್ತಿಲ್ಲದ ನಿಯಮವನ್ನು ಬುದ್ಧಿವಂತರೇ ಮೊದಲು ಮುರಿಯುತ್ತಾರೆ. ಅದು ಅವರ ತಪ್ಪಲ್ಲ.

ದೊಡ್ಡ ಕಾರ್ಖಾನೆಯ ದೊಡ್ಡ ತೊಡಕು

ನಾಲ್ಕು ಜನರಿರುವ ಗ್ಯಾರೇಜಿನಲ್ಲಿ ಮೇಸ್ತ್ರಿ ಇಡೀ ದಿನ ಹುಡುಗನ ಪಕ್ಕದಲ್ಲೇ ಇರುತ್ತಾನೆ. ತಪ್ಪು ಕೂಡಲೇ ಕಣ್ಣಿಗೆ ಬೀಳುತ್ತದೆ. ಐದು ಸಾವಿರ ಜನ ಮೂರು ಪಾಳಿಗಳಲ್ಲಿ ದುಡಿಯುವ ಕಡೆ ಹೀಗಾಗುವುದಿಲ್ಲ. ಒಂದೇ ಕೆಲಸವನ್ನು ಬೆಳಗಿನ ಪಾಳಿಯವರು ಒಂದು ಬಗೆಯಲ್ಲಿ, ರಾತ್ರಿ ಪಾಳಿಯವರು ಇನ್ನೊಂದು ಬಗೆಯಲ್ಲಿ ಕಲಿತಿರುತ್ತಾರೆ. ಒಬ್ಬರಿಂದ ಇನ್ನೊಬ್ಬರಿಗೆ ದಾಟುವಾಗ ಪ್ರತಿ ಸಲವೂ ಏನಾದರೊಂದು ಬಿಟ್ಟುಹೋಗುತ್ತದೆ. ಕಿವಿಯಿಂದ ಕಿವಿಗೆ ಮಾತು ದಾಟಿಸುವ ಮಕ್ಕಳ ಆಟದಂತೆಯೇ ಇದು. ಆದ್ದರಿಂದಲೇ ಹಂತ, ಮುಖ್ಯಾಂಶ, ಕಾರಣಗಳ ಲಿಖಿತ ಹಾಳೆ ದೊಡ್ಡ ಉದ್ದಿಮೆಗೆ ಅನಿವಾರ್ಯ.

ಇದರ ಜೊತೆಗೆ ಇನ್ನೊಂದು ಸಾಧನ ಬೇಕು: ಗೋಡೆಯ ಮೇಲೆ ತೂಗುಹಾಕುವ ಒಂದು ಪಟ್ಟಿ. ಎಡಗಡೆ ಆ ವಿಭಾಗದ ಕೆಲಸಗಳು, ಮೇಲ್ಗಡೆ ಕೆಲಸಗಾರರ ಹೆಸರುಗಳು. ಯಾರಿಗೆ ಯಾವ ಕೆಲಸ ಬರುತ್ತದೆಯೋ ಆ ಚೌಕದಲ್ಲಿ ಗುರುತು. ಯಾರು ಯಾವುದನ್ನು ಕಲಿಯಬೇಕಾಗಿದೆಯೋ ಅಲ್ಲಿ ತಾರೀಕು. ಪಟ್ಟಿಯನ್ನು ಒಮ್ಮೆ ನೋಡಿದರೆ ಸಾಕು, "ಈ ಬಾಯ್ಲರಿನ ಕೆಲಸ ಬಲ್ಲವರು ಒಬ್ಬರೇ ಇದ್ದಾರೆ, ಅವರು ಮುಂದಿನ ವರ್ಷ ನಿವೃತ್ತರಾಗುತ್ತಾರೆ" ಎಂಬ ಅಪಾಯ ಕಣ್ಣಿಗೆ ಕಟ್ಟುತ್ತದೆ.

ಈ ಪಟ್ಟಿ ನೌಕರನಿಗೂ ಉಪಕಾರಿ. ತರಬೇತಿ ಎಂದರೆ ಇಂದಿನ ಕೆಲಸಕ್ಕೆ ಬೇಕಾದದ್ದನ್ನು ಕಲಿಯುವುದು. ವಿಕಾಸ ಎಂದರೆ ನಾಳಿನ ಕೆಲಸಕ್ಕೆ ಬೆಳೆಯುವುದು. ತನ್ನ ಹೆಸರಿನ ಕೆಳಗೆ ಖಾಲಿಯಿರುವ ಚೌಕಗಳು ತುಂಬುತ್ತಾ ಹೋದಂತೆ ತಾನು ಬೆಳೆಯುತ್ತಿದ್ದೇನೆ ಎಂಬುದು ಆತನಿಗೆ ತಿಳಿಯುತ್ತದೆ. ಒಂದೇ ತಿರುಪನ್ನು ಮೂವತ್ತು ವರ್ಷ ತಿರುಗಿಸಿ ಮನೆಗೆ ಹೋಗುವ ಬಾಳಿಗೂ ಇದಕ್ಕೂ ಬಹಳ ಅಂತರವಿದೆ.

ಅಮೆರಿಕದಿಂದ ಜಪಾನಿಗೆ, ಜಪಾನಿನಿಂದ ಬಿಡದಿಗೆ

ಯುದ್ಧ ಮುಗಿದ ಮೇಲೆ ಅಮೆರಿಕದ ಕಾರ್ಖಾನೆಗಳು ಈ ಪದ್ಧತಿಯನ್ನು ಬಹುಮಟ್ಟಿಗೆ ಮರೆತವು. ಸೋತು ಪಾಳುಬಿದ್ದಿದ್ದ ಜಪಾನ್ ಅದನ್ನು ಎತ್ತಿಕೊಂಡಿತು. 1951ರಲ್ಲಿ ಅಮೆರಿಕದ ತರಬೇತುದಾರರು ಜಪಾನಿಗೆ ಹೋಗಿ ಅಲ್ಲಿನವರನ್ನು ತಯಾರು ಮಾಡಿದರು. ಅದೇ ಸುಮಾರಿಗೆ ಟೊಯೊಟಾ ಮೋಟಾರು ಕಂಪನಿಯೂ ಈ ಬೋಧನಾ ಕ್ರಮವನ್ನು ಅಳವಡಿಸಿಕೊಂಡಿತು. ಮುಂದೆ ಜಗತ್ತೆಲ್ಲ ಅಭ್ಯಾಸ ಮಾಡಿದ ಟೊಯೊಟಾ ಉತ್ಪಾದನಾ ಪದ್ಧತಿಯ ಬುನಾದಿಗಳಲ್ಲಿ ಇದೂ ಒಂದು. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ ಮೂಲಕ 1950ರ ದಶಕದಲ್ಲಿ ಈ ಪದ್ಧತಿ ಭಾರತಕ್ಕೂ ಬಂದಿತ್ತು.

ನಮ್ಮ ರಾಜ್ಯಕ್ಕೂ ಈ ಕಥೆಗೂ ನೇರವಾದ ಒಂದು ಕೊಂಡಿಯಿದೆ. ಬೆಂಗಳೂರು-ಮೈಸೂರು ಹೆದ್ದಾರಿಯ ಬಿಡದಿಯಲ್ಲಿ ಟೊಯೊಟಾ ಕಿರ್ಲೋಸ್ಕರ್ ಕಾರ್ಖಾನೆ 1999ರಲ್ಲಿ ಉತ್ಪಾದನೆ ಆರಂಭಿಸಿತು. 2007ರಲ್ಲಿ ಅದೇ ಆವರಣದಲ್ಲಿ ಒಂದು ತಾಂತ್ರಿಕ ತರಬೇತಿ ಸಂಸ್ಥೆ ತೆರೆಯಿತು. ಕರ್ನಾಟಕದ ಗ್ರಾಮಾಂತರ ಪ್ರದೇಶಗಳ ಬಡ ಕುಟುಂಬಗಳಿಂದ ಬಂದ, ಹತ್ತನೆಯ ತರಗತಿ ಮುಗಿಸಿದ ಹುಡುಗರಿಗೆ ಅಲ್ಲಿಯೇ ವಸತಿ ಕೊಟ್ಟು ಮೂರು ವರ್ಷ ಕಲಿಸುವ ಸಂಸ್ಥೆ ಅದು. ನಂತರದ ವರ್ಷಗಳಲ್ಲಿ ಹುಡುಗಿಯರಿಗೂ ಪ್ರವೇಶ ದೊರೆಯಿತು. ವೆಲ್ಡಿಂಗ್, ಬಣ್ಣ, ಜೋಡಣೆಯಂಥ ಕೆಲಸಗಳ ಜೊತೆಗೆ ಶರೀರದ ದೃಢತೆಗೂ ಶಿಸ್ತಿಗೂ ಅಲ್ಲಿ ಪಾಠಗಳಿವೆ. ಒಂದು ಕಂಪನಿ ಹದಿನಾರರ ಹರೆಯದವರ ಮೇಲೆ ಮೂರು ವರ್ಷ ಹಣ ಹೂಡುತ್ತದೆ ಎಂದರೆ, ನುರಿತ ಕೈ ಪೇಟೆಯಲ್ಲಿ ಸಿದ್ಧವಾಗಿ ಸಿಗುವ ವಸ್ತುವಲ್ಲ ಎಂದು ಅದು ಅರಿತಿದೆ ಎಂದೇ ಅರ್ಥ.

ಎಲ್ಲ ರೋಗಕ್ಕೂ ತರಬೇತಿಯೇ ಮದ್ದಲ್ಲ

ಇಲ್ಲಿ ಒಂದು ಎಚ್ಚರಿಕೆಯ ಮಾತು ಅಗತ್ಯ. ಯಾವುದೋ ವಿಭಾಗದಲ್ಲಿ ತಿರಸ್ಕೃತ ಬಿಡಿಭಾಗಗಳು ಹೆಚ್ಚಾದವೆನ್ನಿ. "ಇವರಿಗೆ ತರಬೇತಿ ಸಾಲದು, ಎರಡು ದಿನ ತರಗತಿಗೆ ಕಳುಹಿಸಿ" ಎಂಬ ಆದೇಶ ಬರುತ್ತದೆ. ಆದರೆ ನಿಜವಾದ ಕಾರಣ ಮೊಂಡಾದ ಹತ್ಯಾರು ಇರಬಹುದು, ಸವೆದ ಯಂತ್ರವಿರಬಹುದು, ಮಂದ ಬೆಳಕಿರಬಹುದು, ಅಥವಾ ಗುಣಮಟ್ಟಕ್ಕಿಂತ ಸಂಖ್ಯೆಗೇ ಹೆಚ್ಚು ಬೆಲೆ ಕೊಡುವ ಲೆಕ್ಕಾಚಾರವಿರಬಹುದು. ಆಗ ಎಷ್ಟು ತರಗತಿ ನಡೆಸಿದರೂ ಪ್ರಯೋಜನವಿಲ್ಲ.

ಆದ್ದರಿಂದ ಮೊದಲು ಕೇಳಬೇಕಾದ ಪ್ರಶ್ನೆ: ಈ ಕೆಲಸ ಇವರಿಗೆ ಮಾಡಲು ಬಾರದೇ, ಅಥವಾ ಬಂದರೂ ಮಾಡಲು ಆಗುತ್ತಿಲ್ಲವೇ? ಬಾರದಿದ್ದರೆ ಕಲಿಸಬೇಕು. ಬಂದರೂ ಆಗದಿದ್ದರೆ ಅಡ್ಡಿಯನ್ನು ತೆಗೆಯಬೇಕು. ವೈದ್ಯರು ಔಷಧಿ ಬರೆಯುವ ಮೊದಲು ನಾಡಿ ನೋಡುವುದಿಲ್ಲವೆ, ಹಾಗೆ. ಈ ಪ್ರಶ್ನೆಗೆ ಉತ್ತರ ಕಚೇರಿಯಲ್ಲಿ ಸಿಗುವುದಿಲ್ಲ. ಯಂತ್ರದ ಮುಂದೆ ನಿಂತು ನೋಡಿ, ಅಲ್ಲಿ ದುಡಿಯುವವರನ್ನೇ ಕೇಳಬೇಕು.

ಕಲಿತದ್ದನ್ನು ಅಳೆಯುವುದು ಹೇಗೆ?

ತರಬೇತಿ ಮುಗಿಯಿತು, ಪ್ರಮಾಣಪತ್ರ ಹಂಚಿದ್ದಾಯಿತು, ಗುಂಪಿನ ಫೋಟೋ ತೆಗೆದದ್ದಾಯಿತು. ಫಲವೇನು? 1959ರಲ್ಲಿ ಡೊನಾಲ್ಡ್ ಕರ್ಕ್‌ಪ್ಯಾಟ್ರಿಕ್ ಎಂಬ ಅಮೆರಿಕದ ಪ್ರಾಧ್ಯಾಪಕರು ಇದನ್ನು ನಾಲ್ಕು ಮಟ್ಟಗಳಲ್ಲಿ ನೋಡಬೇಕೆಂದು ಬರೆದರು. ಮೊದಲನೆಯದು ಪ್ರತಿಕ್ರಿಯೆ: ಬಂದವರಿಗೆ ತರಬೇತಿ ಹಿಡಿಸಿತೇ? ಎರಡನೆಯದು ಕಲಿಕೆ: ಅವರಿಗೆ ಹೊಸದೇನಾದರೂ ತಿಳಿಯಿತೇ? ಮೂರನೆಯದು ನಡವಳಿಕೆ: ಕೆಲಸಕ್ಕೆ ಮರಳಿದ ಮೇಲೆ ಅದರಂತೆ ಮಾಡುತ್ತಿದ್ದಾರೆಯೇ? ನಾಲ್ಕನೆಯದು ಪರಿಣಾಮ: ತಿರಸ್ಕೃತ ಮಾಲು, ಅಪಘಾತ, ವಿಳಂಬ ಕಡಿಮೆಯಾದವೇ?

ಮೊದಲನೆಯ ಮಟ್ಟವನ್ನು ಅಳೆಯುವುದು ಅತ್ಯಂತ ಸುಲಭ. ಒಂದು ಹಾಳೆ ಹಂಚಿ "ತರಬೇತಿ ಹೇಗಿತ್ತು?" ಎಂದು ಕೇಳಿದರಾಯಿತು. ಅಲ್ಲಿಗೇ ನಿಲ್ಲಿಸುವ ಆಸೆಯೂ ಸಹಜ. ಆದರೆ ಊಟ ಚೆನ್ನಾಗಿತ್ತು, ಉಪನ್ಯಾಸಕರು ನಗಿಸಿದರು ಎಂಬುದಕ್ಕೂ ಬಾಯ್ಲರನ್ನು ಸುರಕ್ಷಿತವಾಗಿ ಆರಂಭಿಸಲು ಬರುತ್ತದೆ ಎಂಬುದಕ್ಕೂ ಸಂಬಂಧವಿಲ್ಲ. ಕಾರ್ಖಾನೆಗೆ ಬೇಕಾದದ್ದು ಮೂರನೆಯ ಮತ್ತು ನಾಲ್ಕನೆಯ ಮಟ್ಟಗಳು.

ತರಗತಿಯಲ್ಲಿ ಕಲಿತದ್ದು ಯಂತ್ರದವರೆಗೆ ತಲುಪದಿರಲು ಒಂದು ಕಾರಣ ಮರೆವು. ಜರ್ಮನಿಯ ಹರ್ಮನ್ ಎಬಿಂಗ್‌ಹೌಸ್ ಅರ್ಥವಿಲ್ಲದ ಅಕ್ಷರಪುಂಜಗಳನ್ನು ತಾನೇ ಬಾಯಿಪಾಠ ಮಾಡಿ, ಎಷ್ಟು ಉಳಿಯುತ್ತದೆ ಎಂದು ಅಳೆದು 1885ರಲ್ಲಿ ಪ್ರಕಟಿಸಿದ. ಒಂದು ದಿನದ ನಂತರ ಮೂರನೆಯ ಒಂದು ಪಾಲಿನಷ್ಟು ಮಾತ್ರ ಉಳಿದಿತ್ತು. ಅರ್ಥವಿರುವ ವಿಷಯ ಇದಕ್ಕಿಂತ ಹೆಚ್ಚು ಉಳಿಯುತ್ತದೆ, ನಿಜ. ಆದರೂ ಬಳಸದ ಕಲಿಕೆ ಬೇಗ ಸೋರಿಹೋಗುತ್ತದೆ ಎಂಬುದರಲ್ಲಿ ಸಂದೇಹವಿಲ್ಲ. ಪರೀಕ್ಷೆಯ ಹಿಂದಿನ ರಾತ್ರಿ ಓದಿದ್ದು ಫಲಿತಾಂಶ ಬರುವ ವೇಳೆಗೆ ಎಷ್ಟು ನೆನಪಿರುತ್ತದೆ ಎಂದು ನಿಮ್ಮನ್ನೇ ಕೇಳಿಕೊಳ್ಳಿ! ಎರಡನೆಯ ಕಾರಣ ಮೇಲ್ವಿಚಾರಕ. ಕಲಿತು ಬಂದವನಿಗೆ ಆತ "ಅದೆಲ್ಲ ತರಗತಿಗೆ ಸರಿ, ಇಲ್ಲಿ ನಾವು ಹೀಗೇ ಮಾಡುವುದು" ಎಂದುಬಿಟ್ಟರೆ ಎರಡು ದಿನದ ತರಬೇತಿ ಅಲ್ಲಿಗೆ ಮುಗಿಯಿತು. ಹಾಗಾಗಿ ಸುಧಾರಣೆ ಆರಂಭವಾಗಬೇಕಾದದ್ದು ಮೇಲ್ವಿಚಾರಕನಿಂದಲೇ. ಬೆಂಗಳೂರಿನಲ್ಲಿ 1971ರಲ್ಲಿ ಜರ್ಮನಿಯ ನೆರವಿನಿಂದ ಫೋರ್‌ಮನ್‌ಗಳಿಗೆಂದೇ ಒಂದು ತರಬೇತಿ ಸಂಸ್ಥೆ ಸ್ಥಾಪನೆಯಾದದ್ದು ಈ ಮಾತಿನ ಮಹತ್ವವನ್ನು ತೋರಿಸುತ್ತದೆ.

ಟೆಕ್ಸಾಸ್ ಸಿಟಿಯ ಪಾಠ

ಖರ್ಚು ಕಡಿಮೆ ಮಾಡಬೇಕಾಗಿ ಬಂದಾಗ ಕಂಪನಿಗಳ ಕತ್ತರಿ ತರಬೇತಿಯ ಕಡೆಗೆ ಬೇಗ ತಿರುಗುತ್ತದೆ. ಏಕೆಂದರೆ ತರಬೇತಿ ನಿಲ್ಲಿಸಿದರೆ ನಾಳೆ ಬೆಳಿಗ್ಗೆ ಯಾವ ಯಂತ್ರವೂ ನಿಲ್ಲುವುದಿಲ್ಲ. ಅದರ ಬೆಲೆ ತೆರಬೇಕಾದದ್ದು ವರ್ಷಗಳ ನಂತರ.

ಅಮೆರಿಕದ ಟೆಕ್ಸಾಸ್ ಸಿಟಿಯಲ್ಲಿ ಬಿಪಿ ಕಂಪನಿಯ ದೊಡ್ಡ ತೈಲ ಶುದ್ಧೀಕರಣ ಕಾರ್ಖಾನೆಯಿತ್ತು. 2005ರ ಮಾರ್ಚ್ 23ರಂದು ದುರಸ್ತಿಗಾಗಿ ನಿಲ್ಲಿಸಿದ್ದ ಒಂದು ಘಟಕವನ್ನು ಮತ್ತೆ ಆರಂಭಿಸಲಾಗುತ್ತಿತ್ತು. 170 ಅಡಿ ಎತ್ತರದ ಒಂದು ಗೋಪುರಕ್ಕೆ ದ್ರವ ಇಂಧನ ಹರಿಯುತ್ತಲೇ ಇತ್ತು. ಹೊರಹೋಗುವ ದಾರಿ ಸುಮಾರು ಮೂರು ಗಂಟೆ ಮುಚ್ಚಿತ್ತು. ಕೆಟ್ಟಿದ್ದ ಮಾಪಕ ಮಾತ್ರ ಮಟ್ಟ 10 ಅಡಿಗಿಂತ ಕಡಿಮೆಯಿದೆ, ಇಳಿಯುತ್ತಿದೆ ಎಂದು ತೋರಿಸುತ್ತಿತ್ತು. ನಿಜದಲ್ಲಿ ದ್ರವ 158 ಅಡಿಯವರೆಗೆ ಏರಿತ್ತು. ಕೊನೆಗೆ ಅದು ಉಕ್ಕಿ ಹೊರಚೆಲ್ಲಿ ಆವಿಯಾಗಿ ಸ್ಫೋಟಿಸಿತು. 15 ಜನ ಸತ್ತರು. 180 ಜನ ಗಾಯಗೊಂಡರು.

ನೀವು ಗಣಿತದಲ್ಲಿ ನಲ್ಲಿ-ತೊಟ್ಟಿಯ ಲೆಕ್ಕ ಮಾಡಿದ್ದೀರಿ. ಒಳಬರುವ ನಲ್ಲಿ ತೆರೆದಿದೆ, ಹೊರಹೋಗುವ ನಲ್ಲಿ ಮುಚ್ಚಿದೆ. ಆಗ ತೊಟ್ಟಿಯ ಮಟ್ಟ ಇಳಿಯಲು ಸಾಧ್ಯವೇ? ಮಾಪಕ ಸುಳ್ಳು ಹೇಳುತ್ತಿದೆ ಎಂದು ಈ ಲೆಕ್ಕದಿಂದಲೇ ಗೊತ್ತಾಗುತ್ತಿತ್ತು. ಆದರೆ ಒಂದೇ ಪರದೆಯ ಮೇಲೆ ಒಳಹರಿವು ಹೊರಹರಿವು ಎರಡೂ ಕಾಣುತ್ತಿರಲಿಲ್ಲ. ಅಪರೂಪಕ್ಕೆ ಬರುವ ಇಂಥ ಪ್ರಸಂಗವನ್ನು ಎದುರಿಸುವ ತಾಲೀಮು ನಿರ್ವಾಹಕರಿಗೆ ಸಿಕ್ಕಿರಲಿಲ್ಲ.

ಅಮೆರಿಕದ ರಾಸಾಯನಿಕ ಸುರಕ್ಷತಾ ಮಂಡಳಿ 2007ರಲ್ಲಿ ತನ್ನ ವರದಿಯನ್ನು ನೀಡಿತು. ಆ ಕಾರ್ಖಾನೆಯ ತರಬೇತಿ ವಿಭಾಗದ ಸಿಬ್ಬಂದಿ 28ರಿಂದ 8ಕ್ಕೆ ಇಳಿದಿತ್ತು. 1998ರಿಂದ 2005ರೊಳಗೆ ತರಬೇತಿಯ ಹಣ ಅರ್ಧವಾಗಿತ್ತು. ಅಸಹಜ ಪರಿಸ್ಥಿತಿಗಳನ್ನು ಅಭ್ಯಾಸ ಮಾಡಿಸುವ ಅನುಕರಣ ಯಂತ್ರ ಇರಲಿಲ್ಲ. ಕಲಿಕೆಯಲ್ಲಿ ಬಹುಪಾಲು ಕಂಪ್ಯೂಟರಿನ ಮುಂದೆ ಕೂತು ಮಾಡುವಂಥದಾಗಿತ್ತು. ತರಬೇತಿಯ ಕೊರತೆಯೊಂದೇ ಕಾರಣವಲ್ಲ ಎಂಬುದನ್ನೂ ಹೇಳಬೇಕು. ಕೆಟ್ಟ ಉಪಕರಣಗಳು, ಹಳೆಯ ವಿನ್ಯಾಸ, ಸತತ 29 ದಿನ 12 ಗಂಟೆಯ ಪಾಳಿ ಮಾಡಿ ದಣಿದಿದ್ದ ನಿರ್ವಾಹಕರು, ಇವೆಲ್ಲವೂ ಸೇರಿ ದುರಂತವಾಯಿತು. ಆದರೆ ಕಾಗದದ ಮೇಲೆ ಅಲ್ಲಿಯೂ ತರಬೇತಿ 'ನಡೆದಿತ್ತು' ಎಂಬುದನ್ನು ಮರೆಯಬಾರದು. ಮಾಡಿಸಿ ನೋಡುವ ಮೂರನೆಯ ಹೆಜ್ಜೆಯೂ ಬೆನ್ನಿಗೆ ನಿಲ್ಲುವ ನಾಲ್ಕನೆಯ ಹೆಜ್ಜೆಯೂ ಅಲ್ಲಿ ಕುಂಟಿದ್ದವು.

ನಾಳೆ ನೀವು ಕಾರ್ಖಾನೆಗೆ ಹೋದಾಗ

ನಿಮ್ಮಲ್ಲಿ ಹಲವರು ಮುಂದೆ ಐಟಿಐ, ಡಿಪ್ಲೊಮಾ ಅಥವಾ ಎಂಜಿನಿಯರಿಂಗ್ ಮುಗಿಸಿ ಅಪ್ರೆಂಟಿಸ್ ಆಗಿ ಕಾರ್ಖಾನೆಗೆ ಹೋಗುವಿರಿ. ನಮ್ಮಲ್ಲಿ 1961ರಿಂದಲೂ ಅಪ್ರೆಂಟಿಸ್ ಕಾಯ್ದೆಯಿದೆ. 2019ರ ತಿದ್ದುಪಡಿಯಾದ ನಿಯಮಗಳ ಪ್ರಕಾರ 30 ಅಥವಾ ಹೆಚ್ಚು ಜನರಿರುವ ಸಂಸ್ಥೆ ತನ್ನ ಸಿಬ್ಬಂದಿಯ ಶೇಕಡಾ 2.5ರಿಂದ 15ರಷ್ಟು ಅಪ್ರೆಂಟಿಸರನ್ನು ತೆಗೆದುಕೊಳ್ಳಬೇಕು. ಕಾಯ್ದೆ ನಿಮಗೆ ಬಾಗಿಲು ತೆರೆಸಬಲ್ಲದು. ಒಳಗೆ ಹೋದ ಮೇಲೆ ನಿಮ್ಮನ್ನು ಚಹಾ ತರಲು ಕಳುಹಿಸುತ್ತಾರೆಯೋ, ಯಂತ್ರದ ಮುಂದೆ ನಿಲ್ಲಿಸಿ ಕಲಿಸುತ್ತಾರೆಯೋ ಎಂಬುದು ಅಲ್ಲಿನ ಮೇಲ್ವಿಚಾರಕರನ್ನು ಅವಲಂಬಿಸಿದೆ.

ಸ್ವಲ್ಪ ಮಟ್ಟಿಗೆ ನಿಮ್ಮನ್ನೂ ಅವಲಂಬಿಸಿದೆ. ಮೊದಲ ದಿನವೇ ಕೇಳಲು ಮೂರು ಪ್ರಶ್ನೆಗಳನ್ನು ನೆನಪಿಡಿ. ಇದರಲ್ಲಿ ತಪ್ಪಬಾರದ ಅಂಶ ಯಾವುದು? ಅದಕ್ಕೆ ಕಾರಣವೇನು? ನನಗೆ ಸಂದೇಹ ಬಂದರೆ ಯಾರನ್ನು ಕೇಳಲಿ? ಅರ್ಥವಾಗದಿದ್ದಾಗ "ಹೂಂ" ಎನ್ನಬೇಡಿ. "ಒಮ್ಮೆ ನಾನು ಮಾಡಿ ತೋರಿಸುತ್ತೇನೆ, ಸರಿಯೇ ನೋಡಿ" ಎನ್ನಿ. ಒಳ್ಳೆಯ ಮೇಲ್ವಿಚಾರಕರು ಇದಕ್ಕೆ ಬೇಸರಪಡುವುದಿಲ್ಲ. ಮುಂದೊಂದು ದಿನ ನೀವೇ ಆ ಜಾಗದಲ್ಲಿ ನಿಂತು ಹೊಸಬರಿಗೆ ಕಲಿಸುವ ಸರದಿ ಬಂದಾಗ, ಶೂ ಲೇಸಿನ ಮುಂದೆ ತಬ್ಬಿಬ್ಬಾಗಿ ಕೂತ ಆ ಮಗುವನ್ನು ನೆನಪಿಸಿಕೊಳ್ಳಿ.

ಚರ್ಚೆಗೆ ಕೆಲವು ಪ್ರಶ್ನೆಗಳು

1. ಸೈಕಲ್ಲಿನ ಪಂಕ್ಚರ್ ಹಾಕುವ ಕೆಲಸವನ್ನು ಹಂತ, ಮುಖ್ಯಾಂಶ, ಕಾರಣಗಳಾಗಿ ವಿಂಗಡಿಸಿ ಬರೆಯಿರಿ. ಅದನ್ನು ನೋಡಿ ಬೇರೊಬ್ಬರು ಪಂಕ್ಚರ್ ಹಾಕಬಲ್ಲರೇ ಎಂದು ಪರೀಕ್ಷಿಸಿ.

2. ನಿಮ್ಮ ಶಾಲೆಯ ಪ್ರಯೋಗಾಲಯದಲ್ಲಿ ಯಾರಿಗೆ ಯಾವ ಉಪಕರಣ ಬಳಸಲು ಬರುತ್ತದೆ ಎಂಬ ಪಟ್ಟಿಯೊಂದನ್ನು ತಯಾರಿಸಿ. ಎಷ್ಟು ಚೌಕಗಳು ಖಾಲಿ ಉಳಿದವು?

3. ಪರೀಕ್ಷೆಯಲ್ಲಿ ಬಂದ ಅಂಕ ಕರ್ಕ್‌ಪ್ಯಾಟ್ರಿಕ್ ಅವರ ನಾಲ್ಕು ಮಟ್ಟಗಳಲ್ಲಿ ಯಾವುದನ್ನು ಅಳೆಯುತ್ತದೆ? ಯಾವುದನ್ನು ಅಳೆಯುವುದಿಲ್ಲ?

4. ಕಲಿಯುವವನು ಕಲಿಯದಿದ್ದರೆ ತಪ್ಪು ಯಾವಾಗಲೂ ಕಲಿಸುವವನದೇ? ಪರ ಮತ್ತು ವಿರೋಧವಾಗಿ ತರಗತಿಯಲ್ಲಿ ಚರ್ಚಿಸಿ.